ಬ್ರಿಟ್‌ಪಾಪ್ ವಾಪಸ್ ಬಂತು, ಅದು ಹುಟ್ಟಿದ ಕೋಣೆ ಬರಲಿಲ್ಲ

2025ರ ಫೆಬ್ರವರಿ 9, ಭಾನುವಾರ. ಬೆಂಗಳೂರಿನ ಚರ್ಚ್ ಸ್ಟ್ರೀಟ್ ಫುಟ್‌ಪಾತಿನಲ್ಲಿ ಒಬ್ಬ ಗಿಟಾರ್ ಹಿಡ್ಕೊಂಡು ಹಾಡ್ತಿದ್ದ. ಪೊಲೀಸರು ಬಂದು ಮೈಕಿನ ವೈರ್ ಕಿತ್ತರು. ಹಾಡ್ತಿದ್ದವನು ಎಡ್ ಶೀರನ್, ಜಗತ್ತಿನಲ್ಲಿ ಅತಿ ಹೆಚ್ಚು ಟಿಕೆಟ್ ಮಾರೋ ಬ್ರಿಟಿಷ್ ಗಾಯಕರಲ್ಲಿ ಒಬ್ಬ. ಅನುಮತಿ ಇತ್ತು ಅಂತ ಅವರು ಹೇಳಿದರು. ಅನುಮತಿ ಕೊಟ್ಟಿರಲಿಲ್ಲ ಅಂತ ಪೊಲೀಸರು ಹೇಳಿದರು. ಅವತ್ತು ಸಂಜೆಯೊಳಗೆ ಆ ವಿಡಿಯೋ ಮದ್ದೂರು ತಾಲ್ಲೂಕಿನ ನಮ್ಮ ಚಿಕ್ಕರಸಿನಕೆರೆಗೂ ಬಂದಿತ್ತು.

ಚಿಕ್ಕಪ್ಪನ ಮಗ ಫೋನ್ ತೋರಿಸಿ ನಕ್ಕ. "ಅಣ್ಣ, ಇವ್ನಿಗೇ ಹಿಂಗಾದ್ರೆ ನಮ್ ರಸಮಂಜರಿಯವರ ಕತೆ ಏನು?"

ಅವನು ತಮಾಷೆಗೆ ಕೇಳಿದ್ದು. ಐದು ತಿಂಗಳ ನಂತರ, ಜುಲೈ 4ರಂದು, ಇಂಗ್ಲೆಂಡಿನ ಒಯಾಸಿಸ್ ಬ್ಯಾಂಡ್ 16 ವರ್ಷದ ಮುನಿಸು ಬಿಟ್ಟು ವೇಲ್ಸ್‌ನ ಕಾರ್ಡಿಫ್‌ನಲ್ಲಿ ವೇದಿಕೆ ಹತ್ತಿತು. "ಬ್ರಿಟ್‌ಪಾಪ್ ಮತ್ತೆ ಬಂತು" ಅಂತ ಜಗತ್ತಿನ ಪೇಪರುಗಳೆಲ್ಲ ಬರೆದವು. ಅದನ್ನ ಓದುವಾಗ ನನಗೆ ತಮ್ಮನ ಪ್ರಶ್ನೆಯೇ ನೆನಪಾಗ್ತಿತ್ತು. ಹಾಡು ಮರಳಿ ಬರೋದು ಬೇರೆ, ಹಾಡು ಹುಟ್ಟೋ ಜಾಗ ಮರಳಿ ಬರೋದು ಬೇರೆ. ಬ್ರಿಟನ್‌ನಲ್ಲಿ ಮೊದಲನೆಯದು ಆಗಿದೆ, ಎರಡನೆಯದು ಆಗಿಲ್ಲ. ನಮ್ಮಲ್ಲಿ ಎರಡನೆಯದರ ಬಗ್ಗೆ ಮಾತೇ ಶುರುವಾಗಿಲ್ಲ. ಈ ಲೇಖನ ಬ್ರಿಟ್‌ಪಾಪ್ ಅಂದ್ರೇನು, ಅದು ಹೇಗೆ ಬೆಳೀತು, ಬಿತ್ತು, ಎದ್ದಿತು, ಅದಕ್ಕೂ ಕನ್ನಡಕ್ಕೂ ಮಂಡ್ಯಕ್ಕೂ ಏನು ಸಂಬಂಧ ಅಂತ ಒಂದೊಂದಾಗಿ ಹೇಳುತ್ತೆ.

ಏನಿದು ಬ್ರಿಟ್‌ಪಾಪ್?

ಸರಳವಾಗಿ ಹೇಳೋದಾದ್ರೆ, ಸುಮಾರು 1993ರಿಂದ 1997ರವರೆಗೆ ಬ್ರಿಟನ್‌ನಲ್ಲಿ ಉಬ್ಬರಕ್ಕೆ ಬಂದ ಗಿಟಾರ್ ಹಾಡುಗಳ ಅಲೆ. ಆಗ ಅಮೆರಿಕದಿಂದ ಬರ್ತಿದ್ದ ಗ್ರಂಜ್ ಸಂಗೀತದಲ್ಲಿ ಸಿಟ್ಟು, ಸಂಕಟ, ಕತ್ತಲೆ ಜಾಸ್ತಿ. ಈ ಹುಡುಗರು ಅದಕ್ಕೆ ಉಲ್ಟಾ ಹೋದರು. ಕುಣಿಸೋ ಲಯ, ಎರಡು ಸಲ ಕೇಳಿದ್ರೆ ಬಾಯಿಗೆ ಬರೋ ಪಲ್ಲವಿ, ತಮ್ಮದೇ ಊರಿನ ಇಂಗ್ಲಿಷು. ಬಸ್ಸು, ಪಾರ್ಕು, ಶನಿವಾರ ರಾತ್ರಿ, ಬಾಡಿಗೆ ಮನೆ ಇವೇ ವಸ್ತು.

ಸ್ವೀಡ್, ಬ್ಲರ್, ಪಲ್ಪ್, ಒಯಾಸಿಸ್ ಇದರ ನಾಲ್ಕು ದೊಡ್ಡ ಹೆಸರು. ಇಲಾಸ್ಟಿಕಾ, ಸ್ಲೀಪರ್, ಎಕೊಬೆಲಿ ತರದ, ಹೆಣ್ಣುಮಕ್ಕಳು ಮುಂದೆ ನಿಂತ ಬ್ಯಾಂಡುಗಳೂ ಇದ್ದವು. ಬ್ಲರ್‌ನ 'ಪಾರ್ಕ್‌ಲೈಫ್' ಮತ್ತು ಒಯಾಸಿಸ್‌ನ ಮೊದಲ ಆಲ್ಬಂ 'ಡೆಫಿನೆಟ್ಲಿ ಮೇಬಿ' ಎರಡೂ ಬಂದಿದ್ದು 1994ರಲ್ಲಿ. 1995ರ ಆಗಸ್ಟ್‌ನಲ್ಲಿ ಬ್ಲರ್ ಮತ್ತು ಒಯಾಸಿಸ್ ಒಂದೇ ದಿನ ಹಾಡು ಬಿಡುಗಡೆ ಮಾಡಿದವು. ನಮ್ಮಲ್ಲಿ ಇಬ್ಬರು ಸ್ಟಾರ್‌ಗಳ ಸಿನಿಮಾ ಒಂದೇ ಶುಕ್ರವಾರ ಬಂದ ಹಾಗೆ. ಟೀವಿ ಸುದ್ದಿಯಲ್ಲೂ ಅದೇ ಚರ್ಚೆ. ಬ್ಲರ್ 2,74,000 ಪ್ರತಿ ಮಾರಿ ಗೆದ್ದಿತು, ಒಯಾಸಿಸ್ 2,16,000ಕ್ಕೆ ನಿಂತಿತು. ಮರುವರ್ಷ ನೆಬ್‌ವರ್ತ್‌ನಲ್ಲಿ ಎರಡು ರಾತ್ರಿ ಒಯಾಸಿಸ್ ಹಾಡಿದಾಗ ಸೇರಿದ್ದು ಎರಡೂವರೆ ಲಕ್ಷ ಜನ. ಟಿಕೆಟ್ ಕೇಳಿದ್ದು 25 ಲಕ್ಷಕ್ಕೂ ಹೆಚ್ಚು.

ಗಿಟಾರ್ ಕಲಿಯೋಕೆ ಕೂತ ಯಾರನ್ನ ಕೇಳಿದ್ರೂ ಒಯಾಸಿಸ್‌ನ 'ವಂಡರ್‌ವಾಲ್' ಗೊತ್ತಿರುತ್ತೆ. ಕಾರಣ ತಾಂತ್ರಿಕ. ಅದರ ಮುಖ್ಯ ಕಾರ್ಡುಗಳಲ್ಲಿ ಉಂಗುರ ಬೆರಳು, ಕಿರುಬೆರಳು ಎರಡೂ ಮೂರನೇ ಫ್ರೆಟ್ಟಿನ ಮೇಲೆ ಕದಲದೆ ಕೂತಿರುತ್ತವೆ. ಮಿಕ್ಕ ಎರಡು ಬೆರಳು ಓಡಾಡಿದ್ರೆ ಸಾಕು. ಎಂಜಿನಿಯರಿಂಗ್ ಹಾಸ್ಟೆಲಿನಲ್ಲಿ ನಾನು ಕಲಿತ ಮೊದಲ ಹಾಡೂ ಇದೇ. ಮೂರನೇ ಸೆಮಿಸ್ಟರಿನ ನೆಟ್‌ವರ್ಕ್ ಅನಾಲಿಸಿಸ್ ಈಗ ಒಂದಕ್ಷರ ನೆನಪಿಲ್ಲ, ಈ ಎರಡು ಬೆರಳು ಎಲ್ಲಿಡಬೇಕು ಅನ್ನೋದು ನೆನಪಿದೆ. ಇಷ್ಟು ಸುಲಭವಾಗಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟೋದೇ ಈ ಸಂಗೀತದ ಶಕ್ತಿ.

ಆ ಹೆಸರು ಬಂದಿದ್ದು ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ಅವರ 1968ರ 'ವಂಡರ್‌ವಾಲ್ ಮ್ಯೂಸಿಕ್' ಆಲ್ಬಮ್ಮಿನಿಂದ. ಅದರ ಒಂದು ಭಾಗ ರೆಕಾರ್ಡ್ ಆಗಿದ್ದು ಬಾಂಬೆಯಲ್ಲಿ, ನಮ್ಮ ವಾದಕರ ಜೊತೆ. ಅಂದ್ರೆ "ಶುದ್ಧ ಬ್ರಿಟಿಷ್" ಅಂತ ಬಾವುಟ ಬೀಸಿದ ಅಲೆಯ ಅತ್ಯಂತ ಜನಪ್ರಿಯ ಹಾಡಿನ ಹೆಸರಲ್ಲೇ ಬಾಂಬೆಯ ವಾಸನೆ ಇದೆ.

ಅದು ಹುಟ್ಟಿದ್ದು ಎಲ್ಲಿ?

ಪ್ರತಿಭೆಯಿಂದ ಹುಟ್ಟಿತು ಅನ್ನೋದು ಅರ್ಧ ಉತ್ತರ. ಇನ್ನರ್ಧ ಉತ್ತರ ಮೂರು ಜಾಗಗಳಲ್ಲಿದೆ.

ಒಂದು, ಸರ್ಕಾರದ ನಿರುದ್ಯೋಗ ಭತ್ಯೆ. ಬ್ರಿಟನ್‌ನಲ್ಲಿ ಇದಕ್ಕೆ 'ಡೋಲ್' ಅಂತಾರೆ. ಕೆಲಸ ಇಲ್ಲದ ಹುಡುಗರು ವಾರವಾರ ಬರೋ ಆ ದುಡ್ಡಲ್ಲಿ ಬದುಕಿ, ಹಗಲೆಲ್ಲ ಗಿಟಾರ್ ತಿಕ್ಕಿದರು. 1980ರ ದಶಕದಲ್ಲಿ 'ಎಂಟರ್‌ಪ್ರೈಸ್ ಅಲೊವೆನ್ಸ್' ಅಂತ ಇನ್ನೊಂದು ಯೋಜನೆ ಇತ್ತು. ಸ್ವಂತ ಉದ್ಯೋಗ ಶುರುಮಾಡೋ ನಿರುದ್ಯೋಗಿಗೆ ವಾರಕ್ಕೆ 40 ಪೌಂಡ್. ಸಂಪುಟದ ಮೇಲಿದ್ದಿದ್ದು ಮಾರ್ಗರೆಟ್ ಥ್ಯಾಚರ್. ಆ ದುಡ್ಡು ಹೋಗಿ ಸೇರಿದ್ದು ಎಷ್ಟೋ ಕಲಾವಿದರ ಕೈಗೆ. ರೈಲ್ವೆಯಲ್ಲಿ ಕೆಲಸ ಮಾಡ್ತಿದ್ದ ಅಲನ್ ಮೆಗೀ ಕ್ರಿಯೇಷನ್ ರೆಕಾರ್ಡ್ಸ್ ಕಟ್ಟೋಕೆ ಇದನ್ನ ಬಳಸಿಕೊಂಡರು. ಮುಂದೆ ಒಯಾಸಿಸ್‌ನ ಹಾಡು ಹೊರತಂದಿದ್ದು ಇದೇ ಕಂಪನಿ.

ಎರಡು, ಫೀಸಿಲ್ಲದ ಕಾಲೇಜು. ಬ್ಲರ್ ಹುಡುಗರು ಕೂಡಿದ್ದು ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಕಾಲೇಜಿನ ಸುತ್ತ. ಪಲ್ಪ್‌ನ ಜಾರ್ವಿಸ್ ಕಾಕರ್ ಓದಿದ್ದು ಸೇಂಟ್ ಮಾರ್ಟಿನ್ಸ್ ಕಲಾ ಶಾಲೆಯಲ್ಲಿ. ಬಡತನವನ್ನ ಪಿಕ್ನಿಕ್ ತರ ನೋಡೋಕೆ ಬರೋ ಶ್ರೀಮಂತರನ್ನ ಕುಟುಕೋ ಅವರ 'ಕಾಮನ್ ಪೀಪಲ್' ಹಾಡಿನ ಕತೆ ಶುರುವಾಗೋದೂ ಆ ಕಾಲೇಜಿನಲ್ಲೇ.

ಮೂರು, ಚಿಕ್ಕ ಕೋಣೆ. 1993ರ ಮೇ 31. ಗ್ಲಾಸ್ಗೋ ನಗರದ 'ಕಿಂಗ್ ಟಟ್ಸ್' ಅನ್ನೋ ಪುಟ್ಟ ಜಾಗ. ಒಳಗೆ ಹಿಡಿಸೋದೇ 300 ಜನ. ಮ್ಯಾಂಚೆಸ್ಟರಿಂದ ಬಂದ ಹೆಸರಿಲ್ಲದ ಬ್ಯಾಂಡೊಂದು ನಾಲ್ಕು ಹಾಡು ಹಾಡಿತು. ಕೆಳಗೆ ನಿಂತು ಕೇಳ್ತಿದ್ದ ಅಲನ್ ಮೆಗೀ ಅವರಿಗೆ ಅಲ್ಲೇ ಕರಾರಿನ ಮಾತು ಕೊಟ್ಟರು. ಅದೇ ಒಯಾಸಿಸ್. ಮೂರೇ ವರ್ಷದಲ್ಲಿ ಎರಡೂವರೆ ಲಕ್ಷ ಜನ. ಆ 300 ಜನರ ಕೋಣೆ ಇಲ್ಲದಿದ್ದರೆ ಈ ಕತೆ ಇಲ್ಲ.

ಬಾವುಟ, ಬ್ಲೇರ್ ಮತ್ತು ಬಿಟ್ಟುಹೋದವರು

ಇಷ್ಟು ಜನ ಹಿಂದೆ ಬಿದ್ದ ಮೇಲೆ ರಾಜಕಾರಣ ಸುಮ್ಮನಿರುತ್ತಾ? 1997ರ ಮೇ ತಿಂಗಳಲ್ಲಿ ಲೇಬರ್ ಪಕ್ಷದ ಟೋನಿ ಬ್ಲೇರ್ ಭಾರೀ ಬಹುಮತದಿಂದ ಗೆದ್ದರು. ಕಾಲೇಜಿನಲ್ಲಿ ತಾವೇ ಬ್ಯಾಂಡ್ ಕಟ್ಟಿ ಹಾಡಿದ್ದವರು. ಜುಲೈ 30ರಂದು ಪ್ರಧಾನಿ ನಿವಾಸದ ಪಾರ್ಟಿಯಲ್ಲಿ ಒಯಾಸಿಸ್‌ನ ನೋಯೆಲ್ ಗ್ಯಾಲಗರ್ ಗ್ಲಾಸ್ ಹಿಡಿದು ಬ್ಲೇರ್ ಜೊತೆ ನಿಂತ ಫೋಟೋ ಎಲ್ಲ ಪೇಪರಿನಲ್ಲಿ ಬಂತು. 'ಕೂಲ್ ಬ್ರಿಟಾನಿಯಾ' ಅನ್ನೋ ಮಾತು ಚಾಲ್ತಿಗೆ ಬಂತು.

ಮರುವರ್ಷವೇ, 1998ರಲ್ಲಿ, ಅದೇ ಸರ್ಕಾರ ವಿಶ್ವವಿದ್ಯಾಲಯಗಳಿಗೆ ಬೋಧನಾ ಶುಲ್ಕ ತಂದಿತು. ಶುರುವಾಗಿದ್ದು ವರ್ಷಕ್ಕೆ 1,000 ಪೌಂಡ್. ಇಂಗ್ಲೆಂಡಿನಲ್ಲಿ 2025-26ಕ್ಕೆ ಅದರ ಗರಿಷ್ಠ ಮಿತಿ 9,535 ಪೌಂಡ್. ಭತ್ಯೆಯ ನಿಯಮಗಳೂ ಬಿಗಿಯಾದವು. ಗಿಟಾರ್ ಹುಡುಗರ ಜೊತೆ ಫೋಟೋ ತೆಗೆಸಿಕೊಂಡ ಸರ್ಕಾರವೇ ಅವರು ಹತ್ತಿ ಬಂದ ಏಣಿಯ ಮೆಟ್ಟಿಲು ಕಿತ್ತಿತು. ಸ್ಟಾರ್‌ಗಳನ್ನ ವೇದಿಕೆಗೆ ಕರೆಯೋದೇ ಸಾಂಸ್ಕೃತಿಕ ನೀತಿ ಅಂದುಕೊಂಡಿರೋ ನಮ್ಮ ನಾಯಕರಿಗೂ ಇದು ಅನ್ವಯ.

ಇನ್ನೊಂದು ಟೀಕೆಯೂ ಇದೆ, ಅದು ನ್ಯಾಯವಾದದ್ದೇ. ಬ್ರಿಟ್‌ಪಾಪ್‌ನ 'ಬ್ರಿಟ್' ಬಹುಪಾಲು ಬಿಳಿಯ ಗಂಡು ಹುಡುಗರ ಬ್ರಿಟನ್ ಆಗಿತ್ತು. ಹಾಗಂತ ಬೇರೆಯವರು ಇರಲಿಲ್ಲ ಅಂತಲ್ಲ. ಎಕೊಬೆಲಿಯ ಗಾಯಕಿ ಸೋನಿಯಾ ಮದನ್ ಹುಟ್ಟಿದ್ದು ದೆಹಲಿಯಲ್ಲಿ. ಪಂಜಾಬಿ ಮೂಲದ ಟಿಜಿಂದರ್ ಸಿಂಗ್ ಅವರ ಕಾರ್ನರ್‌ಶಾಪ್ ಬ್ಯಾಂಡ್, ಆಶಾ ಭೋಸ್ಲೆ ಅವರನ್ನ ನೆನೆಯೋ 'ಬ್ರಿಮ್‌ಫುಲ್ ಆಫ್ ಆಶಾ' ಹಾಡಿನ ರೀಮಿಕ್ಸ್ ಮೂಲಕ 1998ರ ಫೆಬ್ರವರಿಯಲ್ಲಿ ಬ್ರಿಟನ್ ಪಟ್ಟಿಯ ಮೊದಲ ಸ್ಥಾನಕ್ಕೆ ಹೋಯಿತು. ಆದರೂ ಬ್ರಿಟ್‌ಪಾಪ್ ಕತೆ ಹೇಳುವಾಗ ಈ ಹೆಸರುಗಳು ಕೊನೆಯ ಪ್ಯಾರಾದಲ್ಲಿ ಬರುತ್ತವೆ.

ಬಿದ್ದಿದ್ದು ಹೇಗೆ, ಎದ್ದಿದ್ದು ಹೇಗೆ?

1997ರ ನಂತರ ಮೊದಲ ಅಲೆ ಇಳಿಯಿತು. 2000ದ ದಶಕದಲ್ಲಿ ಎರಡನೇ ಅಲೆ ಎದ್ದಿತು. ಲಿಬರ್ಟೀನ್ಸ್, ಫ್ರಾನ್ಜ್ ಫರ್ಡಿನಾಂಡ್, ಕೈಸರ್ ಚೀಫ್ಸ್ ಬಂದರು. 2006ರ ಜನವರಿಯಲ್ಲಿ ಶೆಫೀಲ್ಡ್‌ನ ಆರ್ಕ್ಟಿಕ್ ಮಂಕೀಸ್ ಮೊದಲ ವಾರವೇ 3,60,000ಕ್ಕೂ ಹೆಚ್ಚು ಆಲ್ಬಂ ಮಾರಿತು. ಆಮೇಲೆ ಒಂದೇ ಅಚ್ಚಿನ ಬ್ಯಾಂಡುಗಳು ಎಷ್ಟು ಬಂದವು ಅಂದ್ರೆ, ವಿಮರ್ಶಕರು ಅದನ್ನ ಕಸದ ಗುಂಡಿಗೆ ಹೋಲಿಸಿ 'ಲ್ಯಾಂಡ್‌ಫಿಲ್ ಇಂಡೀ' ಅಂತ ಕರೆದರು. 2010ರ ದಶಕದಲ್ಲಿ ಗಿಟಾರ್ ಬ್ಯಾಂಡು ಪಟ್ಟಿಯಿಂದ ಹೆಚ್ಚುಕಮ್ಮಿ ಮರೆಯಾಯಿತು. ಗ್ರೈಮ್, ರ‍್ಯಾಪ್ ಮುಂದೆ ಬಂದವು. ರುಚಿ ಬದಲಾಯಿತು, ಸರಿ. ಜೊತೆಗೆ ಖರ್ಚಿನ ಲೆಕ್ಕವೂ ಇದೆ. ಲ್ಯಾಪ್‌ಟಾಪ್ ಇದ್ದರೆ ಒಬ್ಬ ಮಲಗೋ ಕೋಣೆಯಲ್ಲೇ ರ‍್ಯಾಪ್ ಹಾಡು ಮಾಡಬಹುದು. ಬ್ಯಾಂಡಿಗೆ ನಾಲ್ಕು ಜನ, ಡ್ರಮ್ಸು, ಆಂಪ್ಲಿಫೈಯರು, ಸದ್ದು ಮಾಡಿದ್ರೂ ಬೈಯದ ನೆರೆಹೊರೆ ಬೇಕು.

ಈಗಿನದು ಮೂರನೇ ಅಲೆ. ಇದರಲ್ಲಿ ಎರಡು ಹೊಳೆ ಸೇರಿವೆ.

ಒಂದು ಹಳಬರದು. ಬ್ಲರ್ 2023ರ ಜುಲೈನಲ್ಲಿ ವೆಂಬ್ಲಿ ಕ್ರೀಡಾಂಗಣದಲ್ಲಿ ಎರಡು ರಾತ್ರಿ ಹಾಡಿ, ಅದೇ ತಿಂಗಳು ಹೊಸ ಆಲ್ಬಂ ತಂದಿತು. ಪಲ್ಪ್ 2025ರ ಜೂನ್‌ನಲ್ಲಿ 24 ವರ್ಷದ ಮೇಲೆ ಆಲ್ಬಂ ಬಿಟ್ಟಿತು. ಸ್ವೀಡ್ ಸೆಪ್ಟೆಂಬರಿನಲ್ಲಿ. ಒಯಾಸಿಸ್‌ನದು ಕಾರ್ಡಿಫ್‌ನಿಂದ ಬ್ರೆಜಿಲಿನ ಸಾವೊ ಪಾಲೊವರೆಗೆ 41 ಕಾರ್ಯಕ್ರಮ.

ಇನ್ನೊಂದು ಹೊಸಬರದು. ಐಲ್ ಆಫ್ ವೈಟ್ ಅನ್ನೋ ಸಣ್ಣ ದ್ವೀಪದ ವೆಟ್ ಲೆಗ್ 2022ರಲ್ಲಿ ಮೊದಲ ಆಲ್ಬಮ್ಮಿಗೇ ಬ್ರಿಟನ್‌ನ ಮೊದಲ ಸ್ಥಾನ ಪಡೆದು, ಮರುವರ್ಷ ಗ್ರ್ಯಾಮಿ ಗೆದ್ದಿತು. ವಿಗನ್ ಊರಿನ ಲೇಥಮ್ಸ್, ಸ್ಟಾಕ್‌ಪೋರ್ಟಿನ ಬ್ಲಾಸಮ್ಸ್, 2024ರಲ್ಲಿ ಲಾಸ್ಟ್ ಡಿನ್ನರ್ ಪಾರ್ಟಿ. ಅದೇ ವರ್ಷ ಲೀಡ್ಸ್‌ನ ಇಂಗ್ಲಿಷ್ ಟೀಚರ್ ಬ್ಯಾಂಡಿಗೆ ಮರ್ಕ್ಯುರಿ ಪ್ರಶಸ್ತಿ ಬಂತು. 2025ರಲ್ಲಿ ಅದು ಸ್ಯಾಮ್ ಫೆಂಡರ್‌ಗೆ ಹೋಯಿತು. ಇವರಲ್ಲಿ ಬಹಳಷ್ಟು ಮಂದಿ ಲಂಡನ್ನಿನವರಲ್ಲ ಅನ್ನೋದನ್ನ ಗಮನಿಸಿ. ಜಿಲ್ಲಾ ಕೇಂದ್ರ, ತಾಲ್ಲೂಕು ಕೇಂದ್ರ ಅಂತೀವಲ್ಲ, ಅಂಥ ಊರುಗಳಿಂದ ಬಂದವರು.

ಹಾಗಾದ್ರೆ ಸಮಸ್ಯೆ ಏನು?

2024ರ ಆಗಸ್ಟ್ 31ರಂದು ಒಯಾಸಿಸ್ ಟಿಕೆಟ್ ಮಾರಾಟಕ್ಕೆ ಬಂತು. ಜನ ಗಂಟೆಗಟ್ಟಲೆ ಆನ್‌ಲೈನ್ ಕ್ಯೂನಲ್ಲಿ ಕೂತರು. ತಮ್ಮ ಸರದಿ ಬರೋ ಹೊತ್ತಿಗೆ ಸುಮಾರು 150 ಪೌಂಡಿನ ನಿಂತು ನೋಡೋ ಟಿಕೆಟ್ 350 ಪೌಂಡ್ ದಾಟಿತ್ತು. ಗಲಾಟೆ ಜೋರಾಗಿ ಬ್ರಿಟನ್‌ನ ಸ್ಪರ್ಧಾ ನಿಯಂತ್ರಣ ಪ್ರಾಧಿಕಾರ ತನಿಖೆಗೆ ಇಳಿಯಿತು. 2025ರ ಜನವರಿಯ ಕೋಲ್ಡ್‌ಪ್ಲೇ ಕಾರ್ಯಕ್ರಮಕ್ಕೆ ನವಿ ಮುಂಬೈ ಟಿಕೆಟ್ ಹುಡುಕಿದ ನಮ್ಮವರಿಗೆ ಇದು ಹೊಸ ಅನುಭವ ಅಲ್ಲ.

ಒಂದು ಕಡೆ ಕ್ರೀಡಾಂಗಣ ತುಂಬಿ ತುಳುಕ್ತಿದೆ. ಇನ್ನೊಂದು ಕಡೆ, ಸಣ್ಣ ಜಾಗಗಳ ಪರ ಕೆಲಸ ಮಾಡೋ ಮ್ಯೂಸಿಕ್ ವೆನ್ಯೂ ಟ್ರಸ್ಟ್ ಲೆಕ್ಕದ ಪ್ರಕಾರ, 2023 ಒಂದೇ ವರ್ಷದಲ್ಲಿ ಬ್ರಿಟನ್‌ನ ಇಂಥ 125 ಜಾಗಗಳಲ್ಲಿ ಸಂಗೀತ ನಿಂತುಹೋಯಿತು. ಉಳಿದವುಗಳ ಸರಾಸರಿ ಲಾಭ ಶೇ. 0.5. ಅಂದ್ರೆ ನೂರು ರೂಪಾಯಿ ವ್ಯವಹಾರಕ್ಕೆ ಐವತ್ತು ಪೈಸೆ. ಶೆಫೀಲ್ಡ್‌ನಲ್ಲಿ ಪಲ್ಪ್ ತನ್ನ ಶುರುವಿನ ದಿನಗಳಲ್ಲಿ ಹಾಡಿದ್ದ 'ಲೆಡ್‌ಮಿಲ್', ಕಟ್ಟಡದ ಮಾಲೀಕರ ಜೊತೆಗಿನ ಕಾನೂನು ಜಗಳದಲ್ಲಿ ಸೋತು 2025ರಲ್ಲಿ ಮುಚ್ಚಿತು. ಪಲ್ಪ್ ಹೊಸ ಆಲ್ಬಂ ಬಂದ ತಿಂಗಳೇ ಅದು.

ನಾನು "ಕೋಣೆ ಮರಳಿ ಬರಲಿಲ್ಲ" ಅಂದಿದ್ದು ಇದಕ್ಕೇ. ಮೂವತ್ತು ವರ್ಷದ ಹಿಂದಿನ ಬಿತ್ತನೆಯ ಫಸಲನ್ನ ಈಗ ಕೊಯ್ತಾ ಇದ್ದಾರೆ. ಮುಂದಿನ ಬೆಳೆಗೆ ಬೇಕಾದ ಒಟ್ಲು ಒಣಗ್ತಿದೆ. ಮಂಡ್ಯದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕೆ ಬ್ರಿಟನ್ ಹುಡುಕಿಕೊಂಡ ಒಂದು ದಾರಿ ನೋಡಿ. ದೊಡ್ಡ ಕ್ರೀಡಾಂಗಣದ ಪ್ರತಿ ಟಿಕೆಟ್ಟಿನಿಂದ ಒಂದು ಪೌಂಡ್ ತೆಗೆದು ಚಿಕ್ಕ ಜಾಗಗಳಿಗೆ ಕೊಡೋದು. ಸಂಸದೀಯ ಸಮಿತಿ 2024ರ ಮೇನಲ್ಲಿ ಇದನ್ನ ಶಿಫಾರಸು ಮಾಡಿತು, ನವೆಂಬರಿನಲ್ಲಿ ಸರ್ಕಾರ ಬೆಂಬಲಿಸಿತು. ಆದ್ರೆ ಕಡ್ಡಾಯ ಮಾಡಲಿಲ್ಲ. ಸ್ಯಾಮ್ ಫೆಂಡರ್ ತಮ್ಮ ಪ್ರವಾಸದ ಟಿಕೆಟ್ಟಿಗೆ ಒಂದು ಪೌಂಡಿನಂತೆ ಕೊಟ್ಟರು. ಕೋಲ್ಡ್‌ಪ್ಲೇ ತನ್ನ 2025ರ ಬ್ರಿಟನ್ ಕಾರ್ಯಕ್ರಮಗಳ ಗಳಿಕೆಯ ಶೇ. 10 ಕೊಡೋದಾಗಿ ಹೇಳಿತು. ಒಳ್ಳೆ ಮನಸ್ಸಿನವರು ಕೊಡ್ತಾರೆ, ಉಳಿದವರು ಚಪ್ಪಾಳೆ ತಟ್ತಾರೆ.

ಕನ್ನಡಕ್ಕೂ ಇದಕ್ಕೂ ಏನು ಸಂಬಂಧ?

ಒಬ್ಬ ಮನುಷ್ಯನ ಜಾಡು ಹಿಡಿದು ಹೋದ್ರೆ ಸಂಬಂಧ ಸಿಗುತ್ತೆ. ಹೆಸರು ಜಾನ್ ಲೆಕಿ, ರೆಕಾರ್ಡ್ ಪ್ರೊಡ್ಯೂಸರ್. ಲಂಡನ್ನಿನ ಆಬಿ ರೋಡ್ ಸ್ಟುಡಿಯೋದಲ್ಲಿ 1970ರಲ್ಲಿ ಟೇಪ್ ಓಡಿಸೋ ಹುಡುಗನಾಗಿ ಸೇರಿ, ಜಾರ್ಜ್ ಹ್ಯಾರಿಸನ್ ಆಲ್ಬಮ್ಮಿನಲ್ಲಿ ಕೆಲಸ ಮಾಡಿದವರು. ಬ್ರಿಟ್‌ಪಾಪ್‌ಗೆ ಅಡಿಪಾಯ ಅಂತ ಕರೆಸಿಕೊಳ್ಳೋ ಸ್ಟೋನ್ ರೋಸಸ್‌ನ 1989ರ ಮೊದಲ ಆಲ್ಬಂ ಅವರದು. 1995ರ ರೇಡಿಯೊಹೆಡ್‌ನ 'ದಿ ಬೆಂಡ್ಸ್' ಅವರದು. ಸಂಸ್ಕೃತದಲ್ಲಿ 'ಗೋವಿಂದ' ಅಂತ ಹಾಡಿ ಬ್ರಿಟನ್ ಪಟ್ಟಿಯ ಮೊದಲ ಹತ್ತರೊಳಗೆ ಬಂದ ಕುಲ ಶೇಕರ್ ಬ್ಯಾಂಡಿನ 1996ರ ಆಲ್ಬಮ್ಮಿನ ಹಿಂದೆಯೂ ಅವರೇ.

ಇದೇ ಜಾನ್ ಲೆಕಿ 2009ರಲ್ಲಿ ಬ್ರಿಟಿಷ್ ಕೌನ್ಸಿಲ್‌ನ 'ಸೌಂಡ್‌ಪ್ಯಾಡ್' ಯೋಜನೆಗೆ ಭಾರತಕ್ಕೆ ಬಂದು ನಾಲ್ಕು ಬ್ಯಾಂಡುಗಳನ್ನ ರೆಕಾರ್ಡ್ ಮಾಡಿದರು. ಅದರಲ್ಲೊಂದು ಬೆಂಗಳೂರಿನ ಸ್ವರಾತ್ಮ. ಮೈಸೂರಿನ ವಾಸು ದೀಕ್ಷಿತ್ ಗಾಯಕರಾಗಿರೋ ಜಾನಪದ ರಾಕ್ ಬ್ಯಾಂಡ್. ಆ ಬ್ಯಾಂಡುಗಳು ಅದೇ ವರ್ಷ ಬ್ರಿಟನ್‌ಗೂ ಹೋಗಿ ಹಾಡಿ ಬಂದವು. ಸ್ವರಾತ್ಮದ ಮೊದಲ ಆಲ್ಬಮ್ಮಿನಲ್ಲಿ 'ಈ ಭೂಮಿ' ಅನ್ನೋ ಕನ್ನಡ ಹಾಡಿದೆ. ಬಾಯಾರಿದ ಕಾವೇರಿಯನ್ನ ನೆನೆಯೋ 'ಪ್ಯಾಸಿ' ಕೂಡ ಇದೆ. ಹಾಡಿರೋದು ಹಿಂದಿಯಲ್ಲಿ, ನದಿ ನಮ್ಮದು. ಟ್ರಿಬ್ಯುನಲ್ ತೀರ್ಪು ಬಂದಾಗಲೆಲ್ಲ ಹೆದ್ದಾರಿಗೆ ಇಳಿಯೋ ಜಿಲ್ಲೆಯ ಸಂಕಟ, ಬ್ರಿಟ್‌ಪಾಪ್‌ಗೆ ನೆಲ ಹದ ಮಾಡಿದ ಕಿವಿಗಳನ್ನ ಮುಟ್ಟಿದ ಬ್ಯಾಂಡಿನ ಬತ್ತಳಿಕೆಯಲ್ಲಿತ್ತು.

ಇನ್ನೊಂದು ಹೆಸರು ರಘು ದೀಕ್ಷಿತ್. ಮೈಸೂರಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದಿ, ಗಿಟಾರ್ ಹಿಡಿದವರು. 2008ರಲ್ಲಿ ಮೊದಲ ಆಲ್ಬಂ. ಶಿಶುನಾಳ ಶರೀಫರ ತತ್ವಪದಗಳಿಗೆ ಕುಣಿಸೋ ಗಿಟಾರ್ ಲಯ ಕೊಟ್ಟು, 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ, ಮರುವರ್ಷ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಹಾಡಿದರು. ಶರೀಫರನ್ನ ಮನೆಮನೆಗೆ ಮುಟ್ಟಿಸಿದ್ದ ಸಿ. ಅಶ್ವತ್ಥ್ ಅವರ ದಾರಿಯನ್ನ ಇವರು ಇನ್ನೊಂದು ದಿಕ್ಕಿಗೆ ಚಾಚಿದರು.

ಅಂದ್ರೆ ಕನ್ನಡದ ಗಿಟಾರ್ ಪಾಪ್ ಬ್ರಿಟಿಷ್ ಬ್ಯಾಂಡಿನ ನಕಲಾಗಿ ಹುಟ್ಟಲಿಲ್ಲ. ಊರಿನ ಪದವನ್ನೇ ಗಿಟಾರಿಗೆ ಕೂರಿಸಿತು. ಬ್ರಿಟ್‌ಪಾಪ್ ಮಾಡಿದ್ದೂ ಅದನ್ನೇ ಅಲ್ವಾ? ಅಮೆರಿಕದ ಉಚ್ಚಾರಣೆ ಬಿಟ್ಟು ತಮ್ಮ ಬೀದಿಯ ಮಾತಲ್ಲಿ ಹಾಡೋದು.

'ಲೈವ್ ಬ್ಯಾಂಡ್' ಅಂದ್ರೆ ದಾಳಿ ಅಂತ ಯಾಕೆ ಅರ್ಥ?

ಈ ಅಲೆ ನಮ್ಮಲ್ಲಿ ಯಾಕೆ ದೊಡ್ಡದಾಗಲಿಲ್ಲ? ಕನ್ನಡ ಪೇಪರುಗಳ ಒಂದು ಪದದಲ್ಲೇ ಉತ್ತರದ ತುಣುಕಿದೆ. 'ಲೈವ್ ಬ್ಯಾಂಡ್' ಅಂತ ಹೆಡ್ಡಿಂಗ್ ಕಂಡರೆ ಅದರ ಮುಂದಿನ ಪದ 'ಮೇಲೆ ಪೊಲೀಸ್ ದಾಳಿ' ಅಂತಲೇ ಇರುತ್ತೆ. ನಮ್ಮಲ್ಲಿ ಆ ಪದಕ್ಕೆ ಬಾರಿನಲ್ಲಿ ಹೆಣ್ಣುಮಕ್ಕಳನ್ನ ಕುಣಿಸೋ ಜಾಗ ಅನ್ನೋ ಅರ್ಥ ಅಂಟಿಕೊಂಡಿದೆ.

ಅದನ್ನ ಹತೋಟಿಗೆ ತರೋಕೆ 2005ರಲ್ಲಿ ಬೆಂಗಳೂರು ನಗರಕ್ಕೆ ಸಾರ್ವಜನಿಕ ಮನರಂಜನಾ ಸ್ಥಳಗಳ ಪರವಾನಗಿ ಆದೇಶ ಬಂತು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನ ಎತ್ತಿಹಿಡಿಯಿತು. ಆಮೇಲೆ ಪೊಲೀಸರು ಜಾರಿಗೆ ಇಳಿದಾಗ ಸಿಕ್ಕಿಬಿದ್ದಿದ್ದು ಬರೀ ಡ್ಯಾನ್ಸ್ ಬಾರುಗಳಲ್ಲ. ಇಂದಿರಾನಗರ, ಕೋರಮಂಗಲದಲ್ಲಿ ಮೂಲೆಯಲ್ಲಿ ಗಿಟಾರ್ ಹಿಡಿದು ಕೂರೋ ಹುಡುಗರಿಗೆ ಜಾಗ ಕೊಟ್ಟಿದ್ದ ಪಬ್ಬುಗಳಿಗೂ ಅದೇ ಪರವಾನಗಿ, ಅದಕ್ಕೆ ಬೇಕಾದ ಕಟ್ಟಡದ ಸ್ವಾಧೀನಾನುಭವ ಪತ್ರ ಕೇಳಿದರು. ಎಷ್ಟೋ ಕಡೆ ಆ ಪತ್ರವೇ ಇರಲಿಲ್ಲ. ಸಂಗೀತ ನಿಂತಿತು. ಹೊಸ ಬ್ಯಾಂಡುಗಳಿಗೆ ನೆಲೆಯಾಗಿದ್ದ ಇಂದಿರಾನಗರದ 'ಹಮ್ಮಿಂಗ್ ಟ್ರೀ' 2019ರಲ್ಲಿ ಬಾಗಿಲು ಹಾಕಿತು.

ನಿಯಮವೇ ಬೇಡ ಅಂತ ನಾನು ಹೇಳ್ತಿಲ್ಲ. ಬೆಂಕಿ ನಂದಿಸೋ ವ್ಯವಸ್ಥೆ ಬೇಕು, ಹೊರಗೆ ಹೋಗೋ ಬಾಗಿಲು ಬೇಕು, ನಿದ್ದೆ ಮಾಡೋ ನೆರೆಯವರಿಗೂ ಹಕ್ಕಿದೆ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಜನ ಸತ್ತ ಮೇಲೆ ಸುರಕ್ಷತೆ ಬಗ್ಗೆ ಹಗುರವಾಗಿ ಮಾತಾಡೋದು ತಪ್ಪು. ಆದ್ರೆ 80 ಜನ ಕೂತು ಹಾಡು ಕೇಳೋ ಕೋಣೆಗೂ, ಡ್ಯಾನ್ಸ್ ಬಾರಿಗೂ, ಲಕ್ಷ ಜನರ ಮೆರವಣಿಗೆಗೂ ಒಂದೇ ಅನುಮಾನದ ಕಣ್ಣು ಯಾಕೆ? ಸಣ್ಣದಕ್ಕೆ ಸಣ್ಣ ನಿಯಮ ಬರೆಯೋದು ಅಷ್ಟು ಕಷ್ಟವಾ?

ಇದರ ಪರಿಣಾಮ ಕಣ್ಣ ಮುಂದಿದೆ. ಹೊಸ ಕನ್ನಡ ಹುಡುಗರು ಹೆಚ್ಚು ಹೋಗಿದ್ದು ರ‍್ಯಾಪ್ ಕಡೆ. ಅದಕ್ಕೆ ಫೋನು ಸಾಕು, ಕೋಣೆ ಬೇಡ. ಮಿಕ್ಕವರು ಸಿನಿಮಾ ಕಡೆ. ಪವನ್ ಕುಮಾರ್ ಅವರ 2013ರ 'ಲೂಸಿಯಾ' ಜನರಿಂದಲೇ ಹಣ ಕೂಡಿಸಿ ಮಾಡಿದ ಚಿತ್ರ. ಪೂರ್ಣಚಂದ್ರ ತೇಜಸ್ವಿ ಸಂಗೀತ, ಮೈಸೂರಿನ ನವೀನ್ ಸಜ್ಜು ದನಿ ಅದರಿಂದ ಮನೆಮಾತಾದವು. ಅಂದ್ರೆ ಕೇಳೋ ಕಿವಿ ಇದೆ, ಕೊಡೋ ಕೈಯೂ ಇದೆ. ಆದ್ರೆ ಸಿನಿಮಾ ಅನ್ನೋ ಒಂದೇ ಬಾಗಿಲಲ್ಲಿ ಎಲ್ಲರೂ ನುಗ್ಗಬೇಕು.

ಮಂಡ್ಯದ 'ಕಿಂಗ್ ಟಟ್ಸ್' ಎಲ್ಲಿದೆ?

ಚಿಕ್ಕರಸಿನಕೆರೆ ಅಂದ್ರೆ ಹೊರಗಿನವರಿಗೆ ಕಾಲಭೈರವೇಶ್ವರನ ಬಸಪ್ಪ ನೆನಪಾಗುತ್ತೆ. ಸುತ್ತ ಕಬ್ಬು, ಭತ್ತ, ನಾಲೆ. ಆದ್ರೆ ಹಾಡಿಗೆ ಬಡತನ ಇಲ್ಲದ ಸೀಮೆ ಇದು. ಪಕ್ಕದ ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ ಮಂಟೇಸ್ವಾಮಿಯ ನೆಲೆ. ಆ ಒಕ್ಕಲಿನ ನೀಲಗಾರರು ತಂಬೂರಿ ಮೀಟುತ್ತಾ, ಗಗ್ಗರ ಅಲ್ಲಾಡಿಸುತ್ತಾ ರಾತ್ರಿಯಿಡೀ ಕಾವ್ಯ ಹಾಡುತ್ತಾರೆ. ಮಾದಪ್ಪನ ಗುಡ್ಡರ ಕಂಸಾಳೆ ಇದೆ. ತಮಟೆ ಇದೆ. ನಾಗಮಂಗಲ ಸೀಮೆಯ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ಹೆದ್ದಾರಿಯಲ್ಲೇ, ರಾಮನಗರದ ಹತ್ತಿರ ಇದೆ.

ಹೊಸ ಸಂಗೀತಕ್ಕೂ ಒಂದು ಜಾಗ ಇದೆ, ನಾವದನ್ನ ಗುರುತಿಸಿಲ್ಲ ಅಷ್ಟೇ. ಅದೇ ರಸಮಂಜರಿ. ಗಣೇಶನ ಹಬ್ಬ, ಊರಹಬ್ಬ, ರಾಜ್ಯೋತ್ಸವ ಬಂದರೆ ಕೀಬೋರ್ಡು, ರಿದಮ್ ಪ್ಯಾಡು, ಲೀಡ್ ಗಿಟಾರು, ಬೇಸ್ ಗಿಟಾರು ಬಂದಿಳಿಯುತ್ತವೆ. ನಾನು ಮೊದಲ ಸಲ ಎಲೆಕ್ಟ್ರಿಕ್ ಗಿಟಾರ್ ನೋಡಿದ್ದು ಹಾಸ್ಟೆಲಿನಲ್ಲಲ್ಲ, ಊರಿನ ಇಂಥದೊಂದು ಪೆಂಡಾಲಿನಲ್ಲಿ. ಹಾಡಿನ ನಡುವೆ ಗಿಟಾರಿನವನು ಒಂದು ಸಣ್ಣ ತುಣುಕನ್ನ ತನ್ನಿಷ್ಟಕ್ಕೆ ನುಡಿಸಿದ. ಯಾವ ಸಿನಿಮಾದ್ದೂ ಅಲ್ಲ. ಮುಂದೆ ಕೂತಿದ್ದ ಹಿರಿಯರೊಬ್ಬರು "ಲೇ, ಹಾಡು ಹೊಡೀಲಾ" ಅಂತ ಕೂಗಿದರು. ಅವನು ನಕ್ಕು ವಾಪಸ್ ಸಿನಿಮಾ ಹಾಡಿಗೆ ಬಂದ.

ಆ ತುಣುಕಿಗೆ ಜಾಗ ಮಾಡಿಕೊಡೋದೇ ಈಗ ಆಗಬೇಕಾದ ಕೆಲಸ. ದೊಡ್ಡ ಅನುದಾನ ಬೇಡ. ಮೂರು ಸಣ್ಣ ಕೆಲಸ ಸಾಕು.

ಒಂದು, ಜಾಗ. ಹೋಬಳಿ ಹೋಬಳಿಯಲ್ಲಿ ಸಮುದಾಯ ಭವನಗಳಿವೆ. ಮದುವೆ, ತಿಥಿ, ಪಕ್ಷದ ಸಭೆ ಬಿಟ್ಟರೆ ಬೀಗ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ ನಡೆದ 87ನೇ ಸಾಹಿತ್ಯ ಸಮ್ಮೇಳನಕ್ಕೆ ಮೂರು ದಿನದ ನಗರವನ್ನೇ ಕಟ್ಟಿದೆವು. ಮೂರು ದಿನಕ್ಕೆ ಅಷ್ಟು ಮಾಡಬಲ್ಲ ಜಿಲ್ಲೆ, ತಿಂಗಳಿಗೊಂದು ಶನಿವಾರ ಸಂಜೆ ತಾಲ್ಲೂಕಿಗೊಂದು ಭವನವನ್ನ ಹೊಸ ಹಾಡಿಗೆ ಬಿಡಲಾರದಾ?

ಎರಡು, ನಿಯಮ. ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಇಲ್ಲ. ಇರಲಿ, 6 ಗಂಟೆಗೆ ಶುರುಮಾಡಿ 9ಕ್ಕೆ ಮುಗಿಸೋಣ. ಆದ್ರೆ ಸಣ್ಣ ಕಾರ್ಯಕ್ರಮದ ಅನುಮತಿ ಒಂದೇ ಅರ್ಜಿ, ಒಂದೇ ಕಿಟಕಿ, ಲಿಖಿತ ಉತ್ತರ ಅಂತಿರಬೇಕು. ಚರ್ಚ್ ಸ್ಟ್ರೀಟಿನ ಗಲಾಟೆಯಲ್ಲಿ ಯಾರ ಮಾತು ನಿಜ ಅನ್ನೋ ಪ್ರಶ್ನೆ ಎದ್ದಿದ್ದೇ ಜನರ ಮುಂದೆ ಒಂದು ಸ್ಪಷ್ಟ ಕಾಗದ ಇಲ್ಲದ್ದಕ್ಕೆ.

ಮೂರು, ಇಪ್ಪತ್ತು ನಿಮಿಷ. ಪಂಚಾಯಿತಿಯಿಂದ ಹಿಡಿದು ಸಂಸ್ಕೃತಿ ಇಲಾಖೆವರೆಗೆ, ಸರ್ಕಾರದ ದುಡ್ಡಲ್ಲಿ ನಡೆಯೋ ಪ್ರತಿ ರಸಮಂಜರಿಯಲ್ಲಿ ಇಪ್ಪತ್ತು ನಿಮಿಷ ಆ ತಂಡದ ಅಥವಾ ಊರಿನ ಹುಡುಗ ಹುಡುಗಿಯರ ಸ್ವಂತ ಹಾಡಿಗೆ ಮೀಸಲಿಡಿ. ನೀಲಗಾರರೂ ಗಿಟಾರಿನವರೂ ಒಂದೇ ಪೆಂಡಾಲಿನಲ್ಲಿ ಕೂರಲಿ. ಸಿಗೋ ಸಂಭಾವನೆ ಇಬ್ಬರಿಗೂ ಸಮ ಇರಲಿ, ಒಬ್ಬರಿಗೆ ಶಾಲು ಇನ್ನೊಬ್ಬರಿಗೆ ಚೆಕ್ಕು ಅಂತ ಆಗಬಾರದು. ಬ್ರಿಟ್‌ಪಾಪ್ ಯಾರನ್ನ ಹೊರಗಿಟ್ಟಿತು ಅನ್ನೋದು ನಮಗೆ ಗೊತ್ತಿರೋದ್ರಿಂದ ಆ ತಪ್ಪನ್ನ ಮತ್ತೆ ಮಾಡೋ ಅಗತ್ಯ ಇಲ್ಲ.

ಬೆಂಗಳೂರಿನ ದೊಡ್ಡ ಕಾರ್ಯಕ್ರಮಗಳ ಟಿಕೆಟ್ಟಿನಿಂದ ಹತ್ತು ರೂಪಾಯಿ ತೆಗೆದು ಜಿಲ್ಲೆಗಳ ಇಂಥ ಸಂಜೆಗಳಿಗೆ ಕೊಡಿ ಅಂತ ಕೇಳಬಹುದು. ಬ್ರಿಟನ್ ಅದನ್ನ ಸ್ವಇಚ್ಛೆಗೆ ಬಿಟ್ಟು ಕೂತಿದೆ. ನಾವು ಕಡ್ಡಾಯ ಮಾಡಿ ತೋರಿಸಬಹುದು.

ಒಯಾಸಿಸ್ ಟಿಕೆಟ್ಟಿಗೆ 350 ಪೌಂಡ್ ಅಂದಾಗ ತಮ್ಮ ಲೆಕ್ಕ ಹಾಕಿದ. "ಒಂದು ಗಿಟಾರೇ ಬರ್ತದಲ್ಲಣ್ಣ." ಒಂದಲ್ಲ, ಕಲಿಯೋಕೆ ಸಾಲುವಂಥವು ನಾಲ್ಕೈದು ಬರ್ತವೆ. ತಗೊಂಡ ಮೇಲೆ ಎಲ್ಲಿ ನುಡಿಸೋದು ಅಂತ ಅವನು ಕೇಳಲಿಲ್ಲ. ಅದನ್ನ ನಿಮ್ಮ ಪಂಚಾಯಿತಿ ಸದಸ್ಯರನ್ನ, ನಿಮ್ಮ ಶಾಸಕರನ್ನ ಮುಂದಿನ ಸಲ ಓಟು ಕೇಳೋಕೆ ಬಂದಾಗ ನೀವು ಕೇಳಿ.